ಹಿರಿಯ ರಾಜಕುಮಾರಿಯ ಪಕ್ಷ

ಆಗೆಲ್ಲ ಭೀಮನಬೀಡಿನ ನಮ್ಮ ಮನೆಯಂಗಳದಲ್ಲಿ ಶ್ರಾವಣ ಬಂತೆಂದರೆ ಸಣ್ಣ ಈರುಳ್ಳಿಯ ರಾಶಿ ಬೀಳುತ್ತಿತ್ತು. ಎಲೆ, ಬೇರು ಕತ್ತರಿಸಿ ಚೀಲಕ್ಕೆ ತುಂಬುವುದು ಹೆಂಗಸರ ಕೆಲಸ. ಕೆಲಸ ಮುಗಿಯುವ ತನಕ ಅವರಿಗೆ ಕತೆ ಓದುವುದು ಆರನೇ ಕ್ಲಾಸಿನ ನನ್ನ ಕೆಲಸ. ಅಪ್ಪ ತರಕಾರಿ ಮಾರಲು ಗುಂಡ್ಲುಪೇಟೆಗೆ ಹೋದಾಗೆಲ್ಲ ಲೈಬ್ರರಿಯಿಂದ ಒಂದು ಐತಿಹಾಸಿಕ ಕಾದಂಬರಿ ತರುತ್ತಿದ್ದರು. ದರ್ಬಾರು, ಒಳಸಂಚು, ಹಾಲಿನಲ್ಲಿ ವಿಷ ಇಲ್ಲದ್ದನ್ನು ನಾನು ಪುಸ್ತಕವೆಂದೇ ಲೆಕ್ಕಕ್ಕಿಟ್ಟವಳಲ್ಲ.

ಆ ವರ್ಷ ಬಂದದ್ದು ಸಿಂಹಾಸನಕ್ಕಾಗಿ ಕಾದಾಡುವ ಅಕ್ಕತಂಗಿಯರ ಕತೆ. ನಮ್ಮ ಮನೆಗೆ ಹೇಳಿ ಮಾಡಿಸಿದಂತಿತ್ತು. ಅವ್ವ, ದೊಡ್ಡವ್ವ ಒಡಹುಟ್ಟಿದವರು. ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಗೆ ಬಂದವರು. ಉಗ್ರಾಣದ ಬೀಗದ ಕೈ ಹಿರಿಸೊಸೆಗೆ ಸೇರಬೇಕಾದ್ದು ವಾಡಿಕೆ. ಅಜ್ಜಿ ಸಾಯುವ ಮುಂಚೆ ಅದನ್ನು ಅವ್ವನ ಕೈಗಿಟ್ಟುಬಿಟ್ಟಿದ್ದರು. ಅಂದಿನಿಂದ ದೊಡ್ಡವ್ವ ತಂಗಿಯೊಡನೆ ಮಾತು ಬಿಟ್ಟಿದ್ದಳು.

"ಉಪ್ಸಾರಿಗೆ ಉಪ್ಪು ಸಾಲ್ದು ಅಂತ ನಿಮ್ಮವ್ವಂಗ್ ಹೇಳಮ್ಮಿ."

"ಉಪ್ಪು ಪಕ್ಕದಲ್ಲೇ ಅದೆ ಅಂತ ನಿಮ್ಮ ದೊಡ್ಡವ್ವಂಗ್ ಹೇಳು."

ಇಬ್ಬರೂ ಕೂತಿರುತ್ತಿದ್ದುದು ಒಂದೇ ಒಲೆಯ ಮುಂದೆ! ಎರಡು ರಾಜ್ಯಗಳ ನಡುವಿನ ರಾಯಭಾರಿ ನಾನು. ಮೊದಮೊದಲು ಜಂಬ ಪಟ್ಟೆ, ಆಮೇಲೆ ಅಳು ಬರತೊಡಗಿತು. ಅವರಿಬ್ಬರೂ ನೇರವಾಗಿ ಒಂದು ಮಾತಾಡಲಿ, ಬೈದಾಡಿದರೂ ಸರಿಯೆ ಎನ್ನಿಸುತ್ತಿತ್ತು.

ಕತೆ ಮುಂದುವರಿದಂತೆ ಈರುಳ್ಳಿ ರಾಶಿಯ ಸುತ್ತ ಎರಡು ಪಕ್ಷಗಳಾದವು. ಸಿಂಹಾಸನ ಹಿರಿಯಳದ್ದು ಎಂದು ದೊಡ್ಡವ್ವನ ಕಡೆಯವರು. ತಂದೆಯೇ ಕೊಟ್ಟ ಮೇಲೆ ಕಿರಿಯಳ ತಪ್ಪೇನು ಎಂದು ಅವ್ವನ ಕಡೆಯವರು. ಹುರಿದ ಕಡಲೆಕಾಯಿ ಬಾಯಿಗೆ ಹಾಕಿಕೊಳ್ಳುತ್ತ ನಾನು ಇನ್ನಷ್ಟು ಗಟ್ಟಿಯಾಗಿ ಓದುತ್ತಿದ್ದೆ.

ಒಂದು ಭಾನುವಾರ ಹಿರಿಯ ರಾಜಕುಮಾರಿ ತಂಗಿಯನ್ನು ಕೋಟೆಯ ಕತ್ತಲಕೋಣೆಗೆ ತಳ್ಳಿಸಿದಳು. ನಾನು ಒಂದಕ್ಷರ ನುಂಗದೆ ಓದಿದೆ. ದೊಡ್ಡವ್ವ ಕುಡುಗೋಲು ಕೆಳಗಿಟ್ಟಳು.

"ಥೂ! ಅವ್ಳೆಂಥಾ ಅಕ್ಕ? ನಾನಾಗಿದ್ರೆ ಹಂಗ್ ಮಾಡ್ತಿರ್ನಿಲ್ಲ."

ಅವ್ವ ತಲೆಯೆತ್ತದೆ ಕೇಳಿದಳು, "ನೀನಾಗಿದ್ರೆ ಏನ್ ಮಾಡ್ತಿದ್ದಕ್ಕ?"

ದೊಡ್ಡವ್ವ ತಂಗಿಯ ಕಡೆಗೇ ತಿರುಗಿದಳು.

"ಸಿಂಹಾಸನ ನೀನೇ ಮಡಿಕೊ ಅಂತಿದ್ದೆ. ಆದ್ರೆ ಕೂತ್ಕಳಕ್ಕೆ ಮುಂಚೆ ಅಕ್ಕನ್ನ ಒಂದ್ಮಾತು ಕೇಳ್ಬೌದಿತ್ತಲ್ಲ ಅವ್ಳು?"

ಅವ್ವ ಸೊಂಟದಿಂದ ಬೀಗದ ಕೈ ಬಿಚ್ಚಿ ಅಕ್ಕನ ಮುಂದಿಟ್ಟಳು. "ಈಗ ಕೇಳ್ತೀನಿ ಕಣಕ್ಕ."

ದೊಡ್ಡವ್ವ ಅದನ್ನು ಮುಟ್ಟಲಿಲ್ಲ. "ನೀನೇ ಸಿಗಿಸ್ಕೊ. ಹೋಗಿ ಬೆಲ್ಲ ತೆಗಿ, ಮಕ್ಳಿಗೆ ಪಾಯ್ಸ ಮಾಡನ," ಎಂದು ಕಣ್ಣೊರೆಸಿಕೊಂಡಳು. ಈರುಳ್ಳಿಯ ಮುಂದೆ ಕೂತವರ ಕಣ್ಣೀರಿಗೆ ಕಾರಣ ಯಾರು ಕೇಳುತ್ತಾರೆ? ಆಳು ಹೆಂಗಸೊಬ್ಬಳಿಗೆ ಮಾತ್ರ ತಾಳ್ಮೆ ಕೆಟ್ಟಿತ್ತು. "ಅವ್ರದ್ದು ಇರ್ಲಿ ಬುಡಮ್ಮಿ, ಕೋಟೇಲಿರೋಳ್ ಕತೆ ಏನಾಯ್ತು? ಓದು!"

"ಈ ವಯಸ್ಸಲ್ಲೂ ರಾಜರಾಣಿಯರ ಕತೆಯೇ?" ಎಂದು ಈಗ ಚಾಮರಾಜನಗರದಲ್ಲಿ ನನ್ನ ಜೊತೆಯವರು ನಗುತ್ತಾರೆ. ನಗಲಿ, ನಾನು ಸೊಪ್ಪು ಹಾಕುವುದಿಲ್ಲ. ಆ ಕತೆಗಳು ಏನು ಮಾಡಬಲ್ಲವು ಎಂದು ಕಣ್ಣಾರೆ ಕಂಡವಳು ನಾನು. ಅಂಗಳ ತುಂಬ ಕೂತು ಜಗಳವಾಡುತ್ತ ಕತೆ ಕೇಳುವವರು ಮಾತ್ರ ಈಗಿಲ್ಲ. ಹೋದ ವರ್ಷ ದೊಡ್ಡವ್ವನೂ ತೀರಿಕೊಂಡಳು.

ನನ್ನ ಜೊತೆಗೇ ಇರುವ ಅವ್ವನಿಗೆ ಭಾನುವಾರ ಈಗಲೂ ಓದುತ್ತೇನೆ. ಮೊನ್ನೆಯ ಪುಸ್ತಕದಲ್ಲೂ ಅಕ್ಕತಂಗಿಯರ ಜಗಳ. ಅವ್ವ ಮೊದಲ ಅಧ್ಯಾಯದಿಂದಲೇ ಅಕ್ಕನ ಕಡೆ.

"ಇದೇನವ್ವ, ಯಾವಾಗ್ಲೂ ತಂಗಿ ಪರ ಇರ್ತಿದ್ದೆ?"

"ನಿಮ್ಮ ದೊಡ್ಡವ್ವನ ಪರವಾಗಿ ಮಾತಾಡಕ್ಕೆ ಇನ್ಯಾರವ್ರೆ ಕಣಮ್ಮಿ? ಓದು."