ಕರೆಂಟು ಹೋದಾಗ ನೋಡಿದ ಯುದ್ಧ

ದೊಡ್ಡಬಳ್ಳಾಪುರದಲ್ಲಿ ನಾನು ನೇಯುವ ಶೆಡ್ಡಿನಲ್ಲಿ ಎಂಟು ಮಗ್ಗಗಳಿವೆ. ಅವು ಓಡುತ್ತಿರುವಾಗ ಪಕ್ಕದವನು ಕೂಗಿದರೂ ಕೇಳಿಸುವುದಿಲ್ಲ. ಕರೆಂಟು ಹೋದರೆ ಮಾತ್ರ ಮಾತು. ಕೊಲ್ಲಿ ದೇಶಗಳ ಕಡೆ ಯುದ್ಧ ಶುರುವಾದ ವಾರ, ಕರೆಂಟು ಹೋದಾಗಲೆಲ್ಲ ನನ್ನ ಪಕ್ಕದ ಮಗ್ಗದವನು ಮೊಬೈಲ್ ತೆಗೆದು ಕ್ಷಿಪಣಿ ಬೀಳುವ ವಿಡಿಯೋ ಹಾಕುತ್ತಿದ್ದ. ಹದಿನೈದು ವರ್ಷದಿಂದ ನನ್ನ ಜೊತೆ ನೇಯ್ದವನು, ನನ್ನ ತಂಗಿಯ ಮದುವೆಯಲ್ಲಿ ನಿಂತು ಬಡಿಸಿದವನು. ಉಳಿದವರೆಲ್ಲ ಅವನ ಸುತ್ತ ಸೇರುತ್ತಿದ್ದರು.

"ನೋಡ್ ಗುರು, ಹೆಂಗ್ ಉಡಾಯಿಸ್ದ! ಇನ್ನೂ ನಾಕು ಹಾಕ್ಬೇಕಿತ್ತು."

ಆ ನಾಲ್ಕು ಬೀಳಬಹುದಾದ ಊರಿನಲ್ಲಿ ನನ್ನ ತಂಗಿ ಇದ್ದಳು. ಗಂಡ ತೀರಿಕೊಂಡ ಮೇಲೆ ಅಲ್ಲಿನ ಒಂದು ಮನೆಗೆ ಅಡುಗೆ ಕೆಲಸಕ್ಕೆ ಹೋಗಿದ್ದಳು. ಹಿಂದಿನ ದಿನವಷ್ಟೇ ಫೋನ್ ಮಾಡಿದ್ದಳು. "ಅಣ್ಣಾ, ಸೈರನ್ ಕೂಗಿದ್ರೆ ಮನೆಯೋರೆಲ್ಲ ಕೆಳಗಿನ ರೂಮಿಗೆ ಹೋಗ್ತಾರೆ. ನನ್ನೂ ಕರೀತಾರೆ. ನಾನು ಒಲೆ ಆರಿಸಿ ಹೋಗೋಷ್ಟ್ರಲ್ಲಿ ಬಾಗ್ಲು ಹಾಕಿರ್ತಾರೆ."

ಇದನ್ನು ಪಕ್ಕದವನಿಗೆ ಹೇಳಿದೆ.

"ಏ, ಆ ಕಡೆ ಬೀಳಲ್ಲ ಬಿಡಪ್ಪಾ. ಅವ್ರು ಗುರಿ ಇಟ್ಟೇ ಹೊಡಿಯೋದು" ಎಂದವನೇ ಮುಂದಿನ ವಿಡಿಯೋಗೆ ಬೆರಳು ಸರಿಸಿದ. ನಾನು ನನ್ನ ಮಗ್ಗದ ಕಡೆ ತಿರುಗಿ ಕಡಿದಿದ್ದ ಎಳೆ ಕಟ್ಟತೊಡಗಿದೆ. ಹಾಗೆ ತಿರುಗಿಕೊಂಡದ್ದಕ್ಕೆ ನನ್ನ ಮೇಲೆ ನನಗೆ ಈಗಲೂ ಸಿಟ್ಟಿದೆ.

ಮೂರನೇ ವಾರ ಆ ಕಡೆಯಿಂದ ಹಡಗುಗಳು ಬರುವುದು ನಿಂತು, ಇಲ್ಲಿ ಅಡುಗೆ ಗ್ಯಾಸ್ ಬರುವುದು ತಡವಾಯಿತು. ಶೆಡ್ಡಿನ ಎದುರಿನ ಹೋಟೆಲಿನವನು ಮೊದಲು ದೋಸೆ ನಿಲ್ಲಿಸಿದ, ಆಮೇಲೆ ಬಾಗಿಲೇ ಹಾಕಿದ. ಪಕ್ಕದವನ ಹೆಂಡತಿ ಬೆಳಗಿನಿಂದ ಸಾಲಿನಲ್ಲಿ ನಿಂತು, ಖಾಲಿ ಸಿಲಿಂಡರನ್ನೇ ವಾಪಸು ತಂದಳು. ಮಾರನೆಯ ದಿನ ಕರೆಂಟು ಹೋದಾಗ ಅವನು ಮೊಬೈಲ್ ತೆಗೆಯಲಿಲ್ಲ.

"ಯಾವ ಸೀಮೆ ಯುದ್ಧ ಇದು? ಮನುಷ್ಯತ್ವ ಬೇಡ್ವಾ? ಮಕ್ಕಳು ಮರಿ ಸಾಯ್ತಾವ್ರೆ. ನಿಲ್ಲಿಸ್ಬೇಕು ಅಂತ ನಾನು ಮೊದ್ಲಿಂದಾನೂ ಹೇಳ್ತಾನೇ ಇದೀನಿ."

ಸುತ್ತ ಇದ್ದವರೆಲ್ಲ ತಲೆಯಾಡಿಸಿದರು. ವಿಡಿಯೋ ನೋಡಲು ಬಗ್ಗುತ್ತಿದ್ದ ತಲೆಗಳೇ ಅವು. ನಾನು ಕೈಯಲ್ಲಿದ್ದ ಲಾಳಿಯನ್ನು ನೆಲಕ್ಕೆ ಬಿಸಾಡಿದೆ.

"ಯಾವಾಗ್ ಹೇಳ್ದ್ಯೋ? ಇನ್ನೂ ನಾಕು ಹಾಕ್ಬೇಕಿತ್ತು ಅಂದೋನು ನೀನಲ್ವೇನೋ? ಆವಾಗ ಮಕ್ಕಳು ಸಾಯ್ತಿರ್ಲಿಲ್ವಾ? ನಿನ್ ದೋಸೆ ನಿಂತ್ಮೇಲೆ ಸಾಯೋಕ್ ಶುರು ಮಾಡಿದ್ರಾ?"

ಅವನು ತಿರುಗಿ ಕೂಗಾಡಲಿಲ್ಲ. "ಇದಕ್ ಮುಂಚೆ ಆ ಚಳಿ ದೇಶದ ಯುದ್ಧ ನಡೀವಾಗ ಟ್ಯಾಂಕ್ ಸುಡೋ ವಿಡಿಯೋ ನಂಗೆ ದಿನಾ ಕಳಿಸ್ತಿದ್ದೋನು ಯಾರು? ಆವಾಗ ನಿನ್ ತಂಗಿ ಇಲ್ಲೇ ಇದ್ಲು, ಅಲ್ವಾ?"

ಕಳಿಸುತ್ತಿದ್ದವನು ನಾನೇ. ಆ ಟ್ಯಾಂಕಿನೊಳಗೆ ಮನುಷ್ಯರು ಇರುತ್ತಾರೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಅವನು ಹೇಳಿದ್ದು ನಿಜವೆಂದು ಗೊತ್ತಾದರೂ ನನ್ನ ಸಿಟ್ಟೇನೂ ಇಳಿಯಲಿಲ್ಲ, ಇನ್ನಷ್ಟು ಏರಿತು.

ವಿಮಾನಗಳು ಮತ್ತೆ ಹಾರತೊಡಗಿದ ಮೇಲೆ ತಂಗಿ ಬಂದಳು. ಅಷ್ಟು ಹೊತ್ತಿಗೆ ಗ್ಯಾಸೂ ಬಂದಿತ್ತು, ಹೋಟೆಲೂ ತೆರೆದಿತ್ತು. ಯುದ್ಧ ಪೂರ್ತಿ ನಿಂತಿರಲಿಲ್ಲ, ಶೆಡ್ಡಿನಲ್ಲಿ ಅದರ ಮಾತು ಮಾತ್ರ ನಿಂತಿತ್ತು.

ಪಕ್ಕದವನು ಹೆಂಡತಿಯ ಜೊತೆ ಬಾಳೆಹಣ್ಣು ಹಿಡಿದುಕೊಂಡು ತಂಗಿಯನ್ನು ನೋಡಲು ಬಂದ. "ನಾವೆಲ್ಲ ನಿಂಗೋಸ್ಕರ ಬೇಡ್ಕೊಂಡ್ವಿ ಕಣಮ್ಮ" ಎಂದ. ತಂಗಿ ಕಣ್ಣು ತುಂಬಿಕೊಂಡು ಕೈಮುಗಿದಳು. ನಾನು ಎದ್ದು ಹೊರಗೆ ಹೋದೆ. ಯಾಕೆಂದು ಅವಳಿಗೆ ಇವತ್ತಿನವರೆಗೂ ಹೇಳಿಲ್ಲ.