ಹಿಂಬಾಗಿಲವರೆಗೆ ತಂಪು

ಮುಕ್ತಾರ್ ಅಹಮದ್‌ಗೆ ಅಂಗಡಿಯಿಲ್ಲ. ಬೋರ್ಡೂ ಇಲ್ಲ. ಶಿಕಾರಿಪುರದಲ್ಲಿ ತಂಪುಯಂತ್ರದ ರಿಪೇರಿಗೆ ಯಾರನ್ನಾದರೂ ಕೇಳಿದರೆ ‘ಗ್ಯಾಸ್ ಮುಕ್ತಾರಾ?’ ಎಂದು ಒಂದು ಫೋನ್ ನಂಬರ್ ಕೊಡುತ್ತಾರೆ. ಅದನ್ನು ಎತ್ತುವವರು ಅವರ ಹೆಂಡತಿ ನಿಶಾತ್.

ಮಂಗಳವಾರ ಬೆಳಗಿನ ಆರು ಗಂಟೆ. ಶಿರಾಳಕೊಪ್ಪದ ಹೊರಗೆ ಪೆಟ್ರೋಲ್ ಬಂಕಿನ ಪಕ್ಕ ನಿಂತಿರುವ ನಲವತ್ತಡಿಯ ಶೀತಲ ಟ್ರೇಲರಿಗೆ ಮುಕ್ತಾರ್ ಮೂರನೇ ಸುತ್ತು ಹಾಕುತ್ತಿದ್ದಾರೆ. ಒಳಗಿರುವುದು ಸೊರಬ ಕಡೆಯ ಅನಾನಸ್, ಏಳುನೂರ ಇಪ್ಪತ್ತು ಕ್ರೇಟು. ಭಾನುವಾರ ತುಂಬಿದ್ದು. ದೆಹಲಿಯ ಖರೀದಿದಾರರ ಒಪ್ಪಿಗೆ ಕಾಗದ ಬಾರದೆ ಸೋಮವಾರವಿಡೀ ಗಾಡಿ ಇಲ್ಲೇ ನಿಂತಿದೆ. ತಂಪುಯಂತ್ರ ಮಾತ್ರ ಒಂದು ಗಳಿಗೆಯೂ ನಿಂತಿಲ್ಲ. ಪರದೆಯ ಮೇಲೆ ಹತ್ತು ಡಿಗ್ರಿ, ಇರಬೇಕಾದಷ್ಟೇ. ಆದರೂ ಹಿಂಬಾಗಿಲ ಸಂದಿನಿಂದ ಅಂಟುನೀರು ತೊಟ್ಟಿಕ್ಕುತ್ತಿದೆ. ನೊಣ ಮುತ್ತಿವೆ.

“ಮಷಿನ್ ಕೆಟ್ಟೈತಾ ಅಣ್ಣಾ?” ಎಂದು ಡ್ರೈವರ್ ಚನ್ನೇಶ್ ಕೇಳುತ್ತಾನೆ.

“ಕೆಟ್ಟಿದ್ರೆ ಚೊಲೋ ಇತ್ತು. ರಿಪೇರಿ ಮಾಡ್ತಿದ್ದೆ. ಇದು ಕೆಟ್ಟಿಲ್ಲ.”

ಮುಕ್ತಾರ್ ನಿಂತಲ್ಲಿ ನಿಲ್ಲುತ್ತಿಲ್ಲ. ಅದಕ್ಕೆ ಕಾರಣವಿದೆ. ಇಲ್ಲಿನ ಅನಾನಸ್ ತೆರೆದ ಲಾರಿಯಲ್ಲೇ ದೂರದೂರಿಗೆ ಹೋಗುವುದು. ಈ ಹನ್ನೊಂದು ಬೆಳೆಗಾರರ ಹಣ್ಣಿಗೆ ಶೀತಲ ಟ್ರೇಲರ್ ಬಂದದ್ದು ಇದೇ ಮೊದಲು. ಮೊದಲ ಲೋಡೇ ಕೊಳೆತು ತಲುಪಿದರೆ ಖರೀದಿದಾರರು ಎರಡನೆಯ ಗಾಡಿ ಕಳಿಸುವುದಿಲ್ಲ. ಭಾನುವಾರ ಬೆಳಿಗ್ಗೆ ಖಾಲಿ ಟ್ರೇಲರನ್ನು ಪರೀಕ್ಷಿಸಿ ‘ತುಂಬ್ರಿ, ಏನೂ ಆಗಲ್ಲ’ ಎಂದವರು ಮುಕ್ತಾರ್. ಬೆಳೆಗಾರರು ಆ ಮಾತಿನ ಮೇಲೆ ಹಣ್ಣು ಕೊಯ್ದರು. ಅಷ್ಟರಲ್ಲಿ ಸಾಗರದ ದಾರಿಯಲ್ಲಿ ಮೀನಿನ ಗಾಡಿಯೊಂದು ಕೆಟ್ಟಿತೆಂದು ಫೋನ್ ಬಂತು. ತುಂಬುವುದನ್ನು ನೋಡದೆ ಅವರು ಹೊರಟುಹೋದರು.

ನಲವತ್ತಾರರ ಮುಕ್ತಾರ್ ಕೆಲಸ ಕಲಿತದ್ದು ಶಿಕಾರಿಪುರದ ಐಸ್‌ಕ್ಯಾಂಡಿ ಫ್ಯಾಕ್ಟರಿಯಲ್ಲಿ. ಫ್ಯಾಕ್ಟರಿ ಮುಚ್ಚಿದ ಮೇಲೆ ಮನೆಮನೆಯ ಫ್ರಿಜ್, ಆಮೇಲೆ ಹಾಲಿನ ಗಾಡಿ, ಈಗ ಇಂಥ ಶೀತಲ ಗಾಡಿಗಳು. ಬಲಗೈಯ ಎರಡು ಬೆರಳ ತುದಿಗೆ ಸ್ಪರ್ಶವಿಲ್ಲ, ಗ್ಯಾಸ್ ಚಿಮ್ಮಿ ಸುಟ್ಟದ್ದು. ಹಣ್ಣಿನ ಕಾಲದಲ್ಲಿ ದಿನಕ್ಕೆ ನಾಲ್ಕೈದು ಕರೆ, ಬೈಕಿನ ಮೇಲೆ ನೂರೈವತ್ತು ಕಿಲೋಮೀಟರ್. ಮೊದಲ ಪರೀಕ್ಷೆ ಫೋನಿನಲ್ಲೇ, ನಿಶಾತ್ ಅವರದು: ಪರದೆ ಏನು ತೋರಿಸ್ತಿದೆ, ನೀರು ಎಲ್ಲಿಂದ ಬರ್ತಿದೆ, ಸದ್ದಿಗೆ ನಿದ್ದೆ ಬರಲ್ಲ ಅಂತ ಆಫ್ ಮಾಡಿದ್ರಾ? ಮೂರನೆಯದಕ್ಕೆ ಡ್ರೈವರುಗಳು ಸ್ವಲ್ಪ ತಡೆದು ಉತ್ತರಿಸುತ್ತಾರಂತೆ. ಚನ್ನೇಶ್ ತಡೆಯಲಿಲ್ಲ.

ಮುಕ್ತಾರ್ ಮುಂದಿನ ಪಕ್ಕದ ಕಿರುಬಾಗಿಲು ತೆಗೆದು ಒಂದು ಹಣ್ಣಿಗೆ ಸೂಜಿಯಂಥ ಥರ್ಮಾಮೀಟರ್ ಚುಚ್ಚುತ್ತಾರೆ. ಒಂಬತ್ತು ಡಿಗ್ರಿ. ಓಡಿ ಹೋಗಿ ಹಿಂಬಾಗಿಲ ಹಣ್ಣಿಗೆ ಚುಚ್ಚುತ್ತಾರೆ. ಮೂವತ್ತೊಂದು. ಬಗ್ಗಿ ನೆಲ ನೋಡಿದರೆ, ಕ್ರೇಟುಗಳ ಅಡಿಯಿಂದ ಭತ್ತದ ಹುಲ್ಲು ಇಣುಕುತ್ತಿದೆ.

ತಂಪುಗಾಳಿ ಚಾವಣಿಯಡಿ ಹಿಂದಕ್ಕೆ ಹೋಗಿ, ನೆಲದ ಕಾಲುವೆಗಳಲ್ಲಿ ಮುಂದಕ್ಕೆ ಮರಳಬೇಕು. ಇಲ್ಲಿ ಮೇಲೆ ಕ್ರೇಟು ಚಾವಣಿ ಮುಟ್ಟಿದೆ. ಕೆಳಗೆ ಕಾಲುವೆಗೆಲ್ಲ ಹುಲ್ಲು ತುಂಬಿದೆ. ಗಾಳಿ ಮುಂದುಗಡೆಯೇ ಗಿರಕಿ ಹೊಡೆದಿದೆ. “ಮಷಿನ್ ಸುಳ್ಳು ಹೇಳಲ್ರೀ. ತನ್ನ ಮೂಗಿನ ಮುಂದೆ ಎಷ್ಟೈತೋ ಅಷ್ಟೇ ಹೇಳ್ತೈತಿ,” ಎನ್ನುತ್ತಾರೆ ಮುಕ್ತಾರ್.

ತುಂಬಿಸಿದ ಹಮಾಲರ ಮೇಸ್ತ್ರಿ ಕೆಂಪಪ್ಪ ಫೋನಿನಲ್ಲಿ ವಿಷಯ ಕೇಳಿ ಸೊರಬದಿಂದ ಪಿಕಪ್ಪಿನಲ್ಲಿ ತಂಡದೊಂದಿಗೆ ಬಂದಿಳಿಯುತ್ತಾರೆ. ಬಂದದ್ದೇ ಜಗಳಕ್ಕೆ.

“ಏನ್ ಸಾಬ್ರೇ, ನಿಮ್ಮ ಮಷಿನ್ ಮಲಗಿದ್ದಕ್ಕೆ ನನ್ನ ಹುಲ್ಲಿನ ತಪ್ಪಾ? ಮೂವತ್ತು ವರ್ಷ ಹುಲ್ಲು ಹಾಸಿ ಕಳ್ಸಿದೀನಿ. ಒಂದು ಹಣ್ಣು ಜಜ್ಜಿಲ್ಲ.”

“ತೆರೆದ ಲಾರಿಗೆ ಹುಲ್ಲು ಬೇಕ್ರೀ. ಇದಕ್ಕೆ ಉಸಿರು ಬೇಕು.”

“ಉಸಿರಾಡಕ್ಕೆ ಅದೇನು ಎಮ್ಮೆಯಾ?”

ಹಮಾಲರು ನಗುತ್ತಾರೆ. ಮುಕ್ತಾರ್ ವಾದಕ್ಕಿಳಿಯದೆ ಮುಂದಿನದೊಂದು, ಹಿಂದಿನದೊಂದು ಹಣ್ಣು ತಂದು ಮೇಸ್ತ್ರಿಯ ಕೈಗಿಡುತ್ತಾರೆ. ಕೆಂಪಪ್ಪ ಎರಡನ್ನೂ ಕೆನ್ನೆಗೆ ಒತ್ತಿಕೊಳ್ಳುತ್ತಾರೆ. ಎರಡನೆಯದನ್ನು ಸೀಳಿದಾಗ ನೊರೆ ಬರುತ್ತದೆ, ಹುಳಿಹೆಂಡದ ವಾಸನೆ.

“ಹುಲ್ಲು ಬೇಡ ಅಂತ ಹೇಳೋರು ಅವತ್ತು ಯಾರಿದ್ರು ಮಾರಾಯ್ರೆ?” ಕೆಂಪಪ್ಪನ ದನಿ ಇಳಿದಿದೆ.

“ಯಾರೂ ಇರ್ಲಿಲ್ಲ. ನಾನಿರಬೇಕಿತ್ತು.”

ಕೆಂಪಪ್ಪ ತಲೆಗೆ ಟವೆಲ್ ಸುತ್ತುತ್ತಾರೆ. “ಇಳಿಸ್ರೋ.”

ಬಿಸಿಲೇರುವ ಮುನ್ನ ಮುಗಿಯಬೇಕು. ಬಂಕಿನ ಹಿಂದಿನ ನೆರಳಲ್ಲಿ ತಾಡಪಾಲು ಹಾಸಿ ಕ್ರೇಟು ಇಳಿಸುತ್ತಾರೆ. ಮುಕ್ತಾರ್ ಪ್ರತಿ ಸಾಲಿಗೂ ಸೂಜಿ ಚುಚ್ಚಿ, ದೆಹಲಿಗೆ ಹೋಗುವುದನ್ನೂ ಇಲ್ಲೇ ಉಳಿಯುವುದನ್ನೂ ಬೇರೆ ಮಾಡುತ್ತಾರೆ. ಕಿತ್ತ ಹುಲ್ಲನ್ನು ದಾರಿಹೋಕರೊಬ್ಬರು ಕೇಳಿ ಹೊತ್ತೊಯ್ಯುತ್ತಾರೆ. ನಡುವೆ ನಿಶಾತ್ ಅವರ ಫೋನ್: ಹಾನಗಲ್ ದಾರಿಯಲ್ಲಿ ಐಸ್‌ಕ್ರೀಮ್ ಗಾಡಿ ನಿಂತಿದೆ. “ಅವರಿಗೆ ಮಧ್ಯಾಹ್ನ ಅಂತೀನಿ. ಈ ಸಾರಿ ಬಾಗಿಲು ಹಾಕೋತನಕ ಅಲ್ಲೇ ನಿಂತ್ಕಳ್ರಿ,” ಎನ್ನುತ್ತಾರೆ ಆಕೆ. ಮುಕ್ತಾರ್ ನಿಲ್ಲುತ್ತಾರೆ. ಚಾವಣಿಯಿಂದ ಒಂದು ಮೊಳ ಕೆಳಗೆ ಗೋಡೆಯುದ್ದಕ್ಕೂ ಸೀಮೆಸುಣ್ಣದಿಂದ ಗೆರೆ ಎಳೆದು, ಮತ್ತೆ ತುಂಬುವಾಗ ಕ್ರೇಟು ಅದನ್ನು ದಾಟದಂತೆ ನೋಡಿಕೊಳ್ಳುತ್ತಾರೆ. “ನನಗೇನು ದೊಡ್ಡಾಸೆ ಇಲ್ರೀ. ತುಂಬೋವಾಗ ಒಂದು ಫೋನ್ ಮಾಡ್ಲಿ. ಕೆಟ್ಟ ಮೇಲೆ ಎಲ್ರೂ ಮಾಡ್ತಾರೆ.”

ಹತ್ತೂವರೆಗೆ ಕ್ಯಾಸನೂರು ಕಡೆಯಿಂದ ಬೆಳೆಗಾರ್ತಿ ಈಶ್ವರಮ್ಮ ಬಸ್ಸಿಳಿದು ಬರುತ್ತಾರೆ. ಭಾನುವಾರ ಎಲ್ಲರಿಗಿಂತ ತಡವಾಗಿ ಬಂದದ್ದು ಅವರ ಹಣ್ಣು, ಹಾಗಾಗಿ ಅದು ಹಿಂಬಾಗಿಲ ಪಾಲಾಗಿತ್ತು.

“ಮಷಿನ್ ಕೈಕೊಡ್ತಾ ಸಾಬ್ರೇ?”

“ಇಲ್ಲಮ್ಮಾ. ನಾನು ಖಾಲಿ ಡಬ್ಬ ನೋಡಿ ಹೋಗ್ಬಿಟ್ಟೆ.”

ಆಕೆ ಸೆರಗು ಸಿಕ್ಕಿಸಿಕೊಂಡು ತನ್ನ ಕ್ರೇಟುಗಳನ್ನು ಒಂದೊಂದಾಗಿ ಮುಟ್ಟಿ ಎಣಿಸುತ್ತಾರೆ.

ಹನ್ನೆರಡಕ್ಕೆ ಹಿಂಬಾಗಿಲ ಬಳಿ ಹೊಸದಾಗಿ ಜೋಡಿಸಿದ ಹಣ್ಣು ಹದಿನಾರು ಡಿಗ್ರಿಗೆ ಇಳಿದಿದೆ, ಇನ್ನೂ ಇಳಿಯುತ್ತಿದೆ. ಕಾಗದವೂ ಬಂದಿದೆ. ಚನ್ನೇಶ್ ಐನೂರ ಎಂಬತ್ತೆರಡು ಕ್ರೇಟು ಹೊತ್ತು ಹೊರಡುತ್ತಾನೆ. ಬಂಕಿನ ಹಿಂದೆ ಉಳಿದದ್ದು ನೂರ ಮೂವತ್ತೆಂಟು. ಅದರಲ್ಲಿ ಈಶ್ವರಮ್ಮನವು ಅರವತ್ತು. ಅವರು ತಂದದ್ದೂ ಅರವತ್ತೇ.