ಬಿಟ್ಟುಕೊಟ್ಟ ಆಟಗಳು

ನನಗೆ ಶತರಂಜ್ ಕಲಿಸಿದವರು ಅಪ್ಪ. ಲಿಂಗಸುಗೂರಿನ ಕಚೇರಿಯಲ್ಲಿ ನಿಜಾಮರ ಕಾಲದಿಂದ ಗುಮಾಸ್ತರಾಗಿದ್ದ ಅವರಿಗೆ, ನೌಕರಿ ಮುಗಿದ ಮೇಲೆ ಎದುರಿಗೆ ಕೂರುವವರೇ ಉಳಿದಿರಲಿಲ್ಲ. ಜೊತೆಗಾರರಲ್ಲಿ ಕೆಲವರು ಹೈದರಾಬಾದಿಗೆ ಹೋಗಿದ್ದರು, ಕೆಲವರು ತೀರಿಕೊಂಡಿದ್ದರು. ಮನೆಯಲ್ಲಿ ನಾನಿದ್ದೆ. ಜಗಲಿಯ ಮೇಲೆ ಚೌಕಗಳನ್ನು ಹೊಲಿದ ಆಟದ ಹಾಸು ಬಿಚ್ಚಿ ನನ್ನನ್ನು ಎದುರಿಗೆ ಕೂರಿಸಿಕೊಂಡರು. ಅವರ ಚದುರಂಗದಲ್ಲಿ ರಾಣಿ ಇರಲಿಲ್ಲ, ವಜೀರನಿದ್ದ. ಓರೆಯಾಗಿ ಓಡುವ ಕಾಯಿ ಒಂಟೆ.

ಅವ್ವ ಒಳಗಿಂದ ರೊಟ್ಟಿ ಬಡಿಯುತ್ತಾ, "ಹೆಣ್ಣುಹುಡುಗಿಗೆ ಏನ್ ಕಲಸಾಕತ್ತೀರಿ?" ಎಂದು ಕೇಳುತ್ತಿದ್ದಳು.

"ಸುಮ್ನ ಕುಂದರೂದು ಕಲಸಾಕತ್ತೀನಿ," ಎನ್ನುತ್ತಿದ್ದರು ಅಪ್ಪ.

ಸುಮ್ಮನೆ ಕೂರುವುದನ್ನು ನಾನು ಚೆನ್ನಾಗಿಯೇ ಕಲಿತೆ. ಮಸ್ಕಿಯ ಶಾಲೆಯಲ್ಲಿ ನೌಕರಿ ಸಿಕ್ಕಿ, ಅಲ್ಲಿ ಚಿಗವ್ವನ ಮನೆಯಲ್ಲಿ ಇರತೊಡಗಿದಾಗ ನನ್ನ ಆಟ ಒಂದು ಹದಕ್ಕೆ ಬಂದಿತ್ತು. ಮಾಸ್ತರರ ಖೋಲಿಯಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ಹೆಡ್‌ಮಾಸ್ತರರೂ ಹಿಂದಿ ಮಾಸ್ತರರೂ ಚದುರಂಗ ಆಡುತ್ತಿದ್ದರು. ಮೊದಲ ಕೆಲವು ದಿನ ಮೂಲೆಯ ಕುರ್ಚಿಯಿಂದ ನೋಡಿದೆ. ಒಂದು ದಿನ ಹಿಂದಿ ಮಾಸ್ತರರು ರಜೆ ಹಾಕಿದ್ದಾಗ ಹೆಡ್‌ಮಾಸ್ತರರು ನಗುತ್ತಾ, "ಬರ್ತೈತೇನ್ರಿ ಅಕ್ಕಾರ?" ಎಂದರು. ಗಂಟೆ ಹೊಡೆಯುವ ಮೊದಲೇ ಅವರ ಬಾದಶಹ ಮೂಲೆ ಸೇರಿದ್ದ.

ಆಮೇಲೆ ಯಾರೇ ಶಾಲೆಗೆ ಬಂದರೂ ಅವರು ನನ್ನನ್ನು ಕರೆಸಿ ತೋರಿಸುತ್ತಿದ್ದರು. ಇನ್‌ಸ್ಪೆಕ್ಟರ್ ಸಾಹೇಬರು ಬಂದಾಗಲೂ ಪಾಠದ ಮಾತಿಗಿಂತ ಮೊದಲು, "ನಮ್ಮ ಅಕ್ಕಾರ ಮುಂದ ಈ ತಾಲೂಕಿನಾಗ ಯಾರೂ ಕುಂದರಂಗಿಲ್ರಿ" ಎಂದರು. ನಾನು ತಲೆ ತಗ್ಗಿಸಿ, ಹಾಗೇನಿಲ್ಲ ಎನ್ನುತ್ತಿದ್ದೆ. ಒಳಗೆ ಮಾತ್ರ ಇನ್ನೂ ಒಂದು ಸಲ ಹೇಳಲಿ ಎನಿಸುತ್ತಿತ್ತು. ಆ ಕಾಲಕ್ಕೆ ಆ ಊರಲ್ಲಿ ಹೆಣ್ಣೊಬ್ಬಳನ್ನು ಅಡುಗೆಗೋ ಹಾಡಿಗೋ ಹೊಗಳುವವರಿದ್ದರು. ಬುದ್ಧಿಗೆ ಹೊಗಳಿಸಿಕೊಂಡವಳು ನಾನೊಬ್ಬಳೇ ಎಂದುಕೊಂಡಿದ್ದೆ.

ಹೀಗಿರುವಾಗ ಲಿಂಗಸುಗೂರಿನಲ್ಲಿ ಮಾಸ್ತರರ ಆಟೋಟಗಳು ನಡೆದವು. ಅದರಲ್ಲಿ ಚದುರಂಗವನ್ನೂ ಸೇರಿಸಿದ್ದರು. ಮಸ್ಕಿಯಿಂದ ನಮ್ಮ ಶಾಲೆಯವರೆಲ್ಲ ನನ್ನ ಆಟ ನೋಡಲೆಂದೇ ಬಸ್ ಹತ್ತಿದರು. ಅಪ್ಪ ಕಚೇರಿ ದಿನಗಳ ಶೇರ್ವಾನಿ ಹಾಕಿಕೊಂಡು ಬಂದು ಮುಂದಿನ ಬೆಂಚಿನಲ್ಲಿ ಕೂತಿದ್ದರು. ಅದಕ್ಕೆ ಡಾಂಬರ್ ಗುಳಿಗೆಯ ವಾಸನೆ ಇತ್ತು.

ಮೊದಲ ಆಟ ಗೆದ್ದೆ. ಎರಡನೆಯದಕ್ಕೆ ಎದುರಾದವರು ಗುರುಗುಂಟಾದ ಶಾಲೆಯ ಒಬ್ಬ ಮಾಸ್ತರರು. ಇನ್ನೂ ಮೀಸೆ ಸರಿಯಾಗಿ ಬಲಿಯದವರು. ಆಟ ನನ್ನ ಕೈಯಲ್ಲೇ ಇತ್ತು. ಜನ ನೋಡುತ್ತಿದ್ದಾರೆ ಎಂಬುದು ಮಾತ್ರ ನನ್ನ ತಲೆಯಲ್ಲಿ ತುಂಬಿತ್ತು. ಬೇಗ ಮುಗಿಸಿದರೆ ಚೆಂದ ಕಾಣುತ್ತದೆ ಎನಿಸಿ ವಜೀರನನ್ನು ಎತ್ತಿ ಹಲಗೆಯ ನಡುವೆ ಇಟ್ಟೆ. ಅದು ಅವರ ಒಂಟೆಯ ದಾರಿ.

ಅವರು ಕೈ ಚಾಚಲಿಲ್ಲ. ಹಲಗೆ ನೋಡಿದರು, ನನ್ನ ಮುಖ ನೋಡಿದರು. ಮೆಲ್ಲಗೆ, "ನೋಡೀರಿಲ್ರಿ?" ಎಂದು ಕೇಳಿದರು.

ಆ ಕ್ಷಣಕ್ಕೇ ನನಗೆ ಕಂಡಿತು. ಕಿವಿ ಬಿಸಿಯಾಯಿತು. ಆದರೂ, "ನೋಡೇ ಇಟ್ಟೀನಿ" ಎಂದೆ.

ಅವರು ವಜೀರನನ್ನು ಎತ್ತಿಕೊಂಡರು. ಆ ನಡೆಯ ಹಿಂದೆ ಏನೋ ಗುಟ್ಟಿದೆ ಎಂದು ನಮ್ಮ ಹೆಡ್‌ಮಾಸ್ತರರು ಕುತ್ತಿಗೆ ಉದ್ದ ಮಾಡಿ ಕಾಯುತ್ತಿದ್ದರು. ಗುಟ್ಟು ಏನೂ ಇರಲಿಲ್ಲ. ಸೋಲು ಖಚಿತವಾದ ಮೇಲೂ ನಾನು ಎದ್ದೇಳಲಿಲ್ಲ. ಪ್ಯಾದೆಗಳನ್ನು ಒಂದೊಂದಾಗಿ ದೂಡುತ್ತಾ ಕೂತೆ. ನೋಡುವವರು ಒಬ್ಬೊಬ್ಬರೇ ನೀರು ಕುಡಿಯುವ ನೆವದಲ್ಲಿ ಹೊರಗೆ ಹೋದರು. ಅಪ್ಪ ಮಾತ್ರ ಕೊನೆಯವರೆಗೂ ಕೂತಿದ್ದರು.

ಮನೆಯ ದಾರಿಯಲ್ಲಿ ಅವರು ನನ್ನ ಕೈಚೀಲ ತಾವೇ ಹಿಡಿದು ನಡೆದರು. ಆಮೇಲೆ, "ಸೋತದ್ದಕ್ಕ ಏನೂ ಇಲ್ಲವ್ವಾ. ಆದ್ರ ಆ ಹುಡುಗನ ಮುಂದ ನೋಡೇ ಇಟ್ಟೀನಿ ಅನ್ನಬಾರದಿತ್ತು ನೀ," ಎಂದರು.

ಅದೊಂದು ಸೋಲು ಅಲ್ಲಿಗೇ ನಿಂತಿದ್ದರೆ ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಮಸ್ಕಿಗೆ ಮರಳಿದ ಮೇಲೆ ನಾನು ಸೋಲುತ್ತಲೇ ಹೋದೆ. ಹೆಡ್‌ಮಾಸ್ತರರಿಗೆ ಸೋತೆ, ಹಿಂದಿ ಮಾಸ್ತರರಿಗೆ ಸೋತೆ. ಇಲ್ಲದ ಅಪಾಯ ಕಂಡು ಹೆದರುತ್ತಿದ್ದೆ. ಇರುವ ಅಪಾಯ ಕಾಯಿ ಹೋದ ಮೇಲೆ ಕಾಣುತ್ತಿತ್ತು. ವಜೀರನನ್ನು ಮುಟ್ಟಬೇಕಾದಾಗಲೆಲ್ಲ ಬೆರಳು ತಣ್ಣಗಾಗುತ್ತಿತ್ತು. ಕುರ್ಚಿ ಬದಲಿಸಿದೆ. ಗೆದ್ದ ದಿನಗಳಲ್ಲಿ ಉಡುತ್ತಿದ್ದ ಹಸಿರು ಇಳಕಲ್ ಸೀರೆಯನ್ನೇ ಮತ್ತೆ ಮತ್ತೆ ಉಟ್ಟೆ. ಬೆಳಿಗ್ಗೆ ಚಿಗವ್ವ ಏಳುವ ಮೊದಲೇ ಎದ್ದು ಒಬ್ಬಳೇ ಎರಡೂ ಕಡೆ ಆಡಿ ಅಭ್ಯಾಸ ಮಾಡಿದೆ. ಎರಡೂ ಕಡೆ ನಾನೇ ಇದ್ದರೂ ಸೋತವಳ ಜಾಗದಲ್ಲೇ ನನ್ನ ಮನಸ್ಸು ಹೋಗಿ ಕೂರುತ್ತಿತ್ತು.

ಮಧ್ಯಾಹ್ನ ಮಾಸ್ತರರ ಖೋಲಿಗೆ ಹೋಗುವುದು ಕಡಿಮೆ ಮಾಡಿದೆ. ತಲೆ ನೋವು ಎಂದೆ, ಪೇಪರು ತಿದ್ದುವುದಿದೆ ಎಂದೆ. ಬುತ್ತಿ ಬಿಚ್ಚದೇ ಮನೆಗೆ ಒಯ್ಯುತ್ತಿದ್ದೆ. ಆದರೂ ಬಿಡುವು ಅರ್ಧ ಕಳೆಯುವಷ್ಟರಲ್ಲಿ ಕಾಲು ತಾನಾಗಿ ಅತ್ತ ಎಳೆಯುತ್ತಿತ್ತು. ಒಂದು ಆಟ ಗೆದ್ದುಬಿಟ್ಟರೆ ಎಲ್ಲ ಮೊದಲಿನಂತಾಗುತ್ತದೆ ಎಂಬ ಆಸೆ. ಸೋತು ಮತ್ತೆ ತರಗತಿಗೆ ಹೋಗುತ್ತಿದ್ದೆ. ಆ ಮಧ್ಯಾಹ್ನಗಳಲ್ಲಿ ನನ್ನ ದನಿ ಯಾವ ಮಟ್ಟಕ್ಕೆ ಏರುತ್ತಿತ್ತು ಎಂಬುದು ನನಗೆ ಆಗ ಕೇಳಿಸುತ್ತಿರಲಿಲ್ಲ.

ಆಮೇಲೆ ಗಾಳಿ ತಿರುಗಿತು. ಒಂದು ಸೋಮವಾರ ಹೆಡ್‌ಮಾಸ್ತರರೇ ತರಗತಿಯ ಬಾಗಿಲಿಗೆ ಬಂದು, "ಒಂದು ಆಟ ಹಚ್ಚೋಣು ಬರ್ರಿ ಅಕ್ಕಾರ, ಬುತ್ತೀನೂ ತರ್ರಿ" ಎಂದರು. ಆ ದಿನ ಗೆದ್ದೆ. ಎರಡು ದಿನ ಬಿಟ್ಟು ಹಿಂದಿ ಮಾಸ್ತರರನ್ನೂ ಗೆದ್ದೆ. ಮರುವಾರವೂ ಗೆದ್ದೆ. ಊಟ ರುಚಿಸತೊಡಗಿತು. ಹಿಂದಿ ಮಾಸ್ತರರಿಗೆ, "ನೀವು ಒಂಟಿ ಭಾಳ ಅವಸರಕ್ಕ ಹೊರಗ ತಗೀತೀರಿ" ಎಂದು ಬುದ್ಧಿಯನ್ನೂ ಹೇಳಿದೆ. ಅವರು ತಲೆಯಾಡಿಸಿ, "ಹೌದ್ರಿ, ನನಗ ಆ ಚಟ ಐತಿ" ಎಂದರು.

ಆ ಭಾನುವಾರ ಲಿಂಗಸುಗೂರಿಗೆ ಹೋದವಳು ಚಪ್ಪಲಿ ಬಿಡುವ ಮೊದಲೇ, "ಅಪ್ಪಾ, ಮತ್ತ ಗೆಲ್ಲಾಕತ್ತೀನಿ" ಎಂದೆ.

ಅಪ್ಪನ ಮುಖ ಅರಳಿತು. "ಹಾಸು ತಗೊಂಬಾ. ತೋರ್ಸು."

ಆಗ ನನಗೆ ಆಡಿದ ಆಟ ನಡೆನಡೆಯಾಗಿ ನೆನಪಿರುತ್ತಿತ್ತು. ಹೆಡ್‌ಮಾಸ್ತರರ ಜೊತೆಗಿನ ಆಟವನ್ನು ಹೆಮ್ಮೆಯಿಂದ ಇಟ್ಟು ತೋರಿಸುತ್ತಾ ಹೋದೆ. ನಡುವೆ ಅಪ್ಪ ಕೈ ಅಡ್ಡ ಹಿಡಿದರು.

"ತಡಿ. ಇಲ್ಲಿ ನೀ ವಜೀರ ಬಿಟ್ಟೀಯಲ್ಲ. ಅವರು ಹೊಡೀಲಿಲ್ಲ?"

ನಾನು ಬಗ್ಗಿ ನೋಡಿದೆ. ನಿಜವಾಗಿಯೂ ವಜೀರ ಅವರ ಆನೆಯ ಎದುರಿಗೆ ಬರಿದೇ ನಿಂತಿದ್ದ. ಆಡುವಾಗ ನನಗೆ ಕಂಡಿರಲಿಲ್ಲ.

"ಅವರು ನೋಡ್ಲಿಲ್ಲ ಅನಸ್ತೈತಿ ಅಪ್ಪಾ."

"ಮುಂದ ಏನ್ ನಡೆಸಿದ್ರು?"

"ಅದೇ ಆನಿ. ಬದಿಗೆ ಸರಿಸಿದ್ರು."

ಅಪ್ಪ ಇನ್ನೊಂದು ಆಟ ತೋರಿಸು ಎಂದರು. ಹಿಂದಿ ಮಾಸ್ತರರ ಆಟ ಇಟ್ಟೆ. ಅದರಲ್ಲೂ ಅವರ ಕುದುರೆ ಯಾವ ಕಾರಣವೂ ಇಲ್ಲದೆ ಬಂದು ನನ್ನ ಪ್ಯಾದೆಯ ಬಾಯಿಗೆ ಬಿದ್ದಿತ್ತು. ಹಾಗೆ ಬೀಳುವುದಕ್ಕೆ ಮೊದಲು ಅದೇ ಕುದುರೆಯನ್ನು ಕಾಯಲು ಅವರು ಎರಡು ನಡೆ ವ್ಯಯ ಮಾಡಿದ್ದರು. ಅದನ್ನು ಇಡುತ್ತಿರುವಾಗಲೇ ನನ್ನ ಕೈ ನಿಧಾನವಾಯಿತು.

ಅಪ್ಪ ಶೇಂಗಾ ಬಿಡಿಸುತ್ತಿದ್ದರು. ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿದರು. ನನ್ನ ಕಡೆ ನೋಡದೆಯೇ, "ಬಿಟ್ಟುಕೊಟ್ಟಾರವ್ವಾ ನಿನಗ" ಎಂದರು.

ನನಗೆ ಅಪ್ಪನ ಮೇಲೆಯೇ ಸಿಟ್ಟು ಬಂತು. "ನಾ ಗೆದ್ರ ನಿಮಗ ನಂಬಿಕಿ ಬರಂಗಿಲ್ಲ" ಎಂದೆ. ಅವ್ವ ಒಳಗಿಂದ ಬಂದು ಇಬ್ಬರ ಮುಖ ನೋಡಿ ಹಿಂದಿರುಗಿದಳು. ಊಟಕ್ಕೆ ನಿಲ್ಲದೆ ಸಂಜೆಯ ಬಸ್ಸಿಗೆ ಮಸ್ಕಿಗೆ ಬಂದೆ. ದಾರಿಯುದ್ದಕ್ಕೂ ಆ ಆನೆ ಬದಿಗೆ ಸರಿಯುವುದು ಕಾಣುತ್ತಿತ್ತು. ಹೆಡ್‌ಮಾಸ್ತರರು ಅದನ್ನು ಸರಿಸುವಾಗ ಮೀಸೆಯಲ್ಲಿ ನಕ್ಕಿದ್ದರೇ, ಹಿಂದಿ ಮಾಸ್ತರರು ಅತ್ತ ತಿರುಗಿ ಕೆಮ್ಮಿದ್ದರೇ ಎಂದು ನೆನಪಿಸಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ. ನಾನು ಅವರ ಮುಖವನ್ನೇ ನೋಡಿರಲಿಲ್ಲ.

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಹೆಡ್‌ಮಾಸ್ತರರನ್ನು ಕೇಳಿಬಿಟ್ಟೆ. ಅವರು ಇಲ್ಲ ಎನ್ನಲಿ ಎಂದು ಬೇಡಿಕೊಳ್ಳುತ್ತಲೇ ಕೇಳಿದೆ. ಅವರು ಕನ್ನಡಕ ತೆಗೆದು ಧೋತರದ ಅಂಚಿಗೆ ಒರೆಸಿದರು.

"ತಪ್ಪು ತಿಳಕೋಬ್ಯಾಡ್ರಿ ಅಕ್ಕಾರ. ನೀವು ಊಟ ಬಿಟ್ಟಿದ್ರಿ. ನಾವೆಲ್ಲಾರೂ ಕೂತು ಮಾತಾಡಿದ್ವಿ, ನಾಕು ಆಟ ಗೆದ್ರ ಸರಿ ಹೋಗ್ತಾರ ಅಂತ."

ಎಲ್ಲರೂ ಕೂತು ಮಾತಾಡಿದ್ದರು. ನಾನಿಲ್ಲದ ಹೊತ್ತಿನಲ್ಲಿ, ಆ ಖೋಲಿಯಲ್ಲಿ, ಜ್ವರ ಬಂದವಳ ಬಗ್ಗೆ ಮಾತಾಡುವಂತೆ.

"ನನಗ್ಯಾಕ ಹೇಳಲಿಲ್ರಿ?"

ಅವರು ಕನ್ನಡಕ ಹಾಕಿಕೊಂಡು ಹೇಳಿದರು: "ಹುಡುಗ್ರ ಸಲುವಾಗಿ ಮಾಡಿದ್ವಿರಿ. ಮೂರನೇ ಕ್ಲಾಸಿನ ಹುಡುಗ್ರು ಮಧ್ಯಾಹ್ನದ ಮ್ಯಾಲೆ ನಿಮಗ ಹೆದರಾಕತ್ತಿದ್ವು. ಎರಡು ಹುಡುಗ್ಯಾರು ಊಟಕ್ಕ ಹೋದವ್ರು ತಿರುಗಿ ಬರವಲ್ರಾಗಿದ್ರು."

ಅವರು ಬೈದಿದ್ದರೆ ಎದುರು ಮಾತಾಡಬಹುದಿತ್ತು. ಅವರ ದನಿಯಲ್ಲಿ ಕೋಪವಿರಲಿಲ್ಲ. ತರಗತಿಗೆ ಹೋದೆ. ಒಳಗೆ ಕಾಲಿಟ್ಟ ಕೂಡಲೇ ಮಕ್ಕಳೆಲ್ಲ ಎದ್ದು ನಿಂತರು. ಯಾವಾಗಲೂ ಹಾಗೆಯೇ ನಿಲ್ಲುತ್ತಿದ್ದರು. ಅಂದು ಮಾತ್ರ ಅವರ ಕಣ್ಣು ಎಲ್ಲಿದೆ ಎಂದು ನೋಡಿದೆ. ನನ್ನ ಕೈಯ ಮೇಲೆ ಇತ್ತು. ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಕುಳಿತುಕೊಳ್ಳಿ ಎಂದೆ. ಪಾಠ ಮಾಡಲಿಲ್ಲ. ಕಾಗೆ ನರಿಯ ಕಥೆ ಹೇಳಿದೆ. ಅವರು ಅದನ್ನೂ ಹೆದರಿಕೊಂಡೇ ಕೇಳಿದರು.

ಆಮೇಲೆ ನಾನು ಕಾಯಿ ಮುಟ್ಟಲಿಲ್ಲ. ವರ್ಷ ಕಳೆದ ಮೇಲೆ ಸಿಂಧನೂರಿಗೆ ವರ್ಗವಾಯಿತು. ಮಸ್ಕಿ ಬಿಡುವಾಗ ಹೆಡ್‌ಮಾಸ್ತರರು ಬಸ್ಸಿನವರೆಗೆ ಬಂದು ಬಾಳೆಹಣ್ಣು ಕೊಟ್ಟರು. ಅವರ ಮುಖ ನೋಡಿ ಮಾತಾಡಲು ಅಂದಿಗೂ ನನಗೆ ಆಗಲಿಲ್ಲ. ಬರುತ್ತೇನೆ ಎಂದು ಬಾಳೆಹಣ್ಣಿಗೆ ಹೇಳಿದೆ.

ಕಾಲುವೆಯ ನೀರು ಬಂದು ಸಿಂಧನೂರು ಆಗ ಬೇರೆಯೇ ಊರಾಗುತ್ತಿತ್ತು. ನಾಟಿಯ ಕಾಲ ಬಂದರೆ ಅರ್ಧ ತರಗತಿ ಗದ್ದೆಗೆ ಹೋಗುತ್ತಿತ್ತು. ಅಂಗಡಿಗಳಲ್ಲಿ ತೆಲುಗು, ಉರ್ದು, ಕನ್ನಡ ಮೂರೂ ಒಂದೇ ಮಾತಿನೊಳಗೆ ಬರುತ್ತಿದ್ದವು. ನಾನು ಬಾಡಿಗೆಗೆ ಹಿಡಿದ ಖೋಲಿ ಒಂದು ಆಂಧ್ರದ ಕುಟುಂಬದ್ದು. ತುರ್ವಿಹಾಳದ ಕಡೆ, ಅತ್ತಲಿಂದ ಬಂದ ರೈತರು ನೆಲೆಸಿದ ಕ್ಯಾಂಪಿನಲ್ಲಿ ಅವರ ಗದ್ದೆ ಇತ್ತು. ಗಂಡ ಅಲ್ಲೇ ಇರುತ್ತಿದ್ದ. ಮಕ್ಕಳ ಓದಿಗೆಂದು ಹೆಂಡತಿ ಊರಲ್ಲಿ ಮನೆ ಮಾಡಿದ್ದಳು. ನನ್ನ ವಯಸ್ಸಿನವಳೇ, ಜೋರಾಗಿ ನಗುವವಳು.

ನನ್ನ ಟ್ರಂಕು ಬಿಚ್ಚುವಾಗ ಕೈ ಹಾಕಿ ನೆರವಾದವಳು ಆಕೆ. ಅಡಿಯಲ್ಲಿ ಅಪ್ಪನ ಹಾಸೂ ಕಾಯಿಗಳ ಚೀಲವೂ ಇದ್ದವು. ವರ್ಗವಾದಾಗ ಮಸ್ಕಿಗೆ ಬಂದಿದ್ದ ಅಪ್ಪ ನನಗೆ ಹೇಳದೆ ಅವನ್ನು ಇಟ್ಟಿದ್ದರು. ಆಕೆ ಕುದುರೆಯನ್ನು ಎತ್ತಿ ಹಿಡಿದು, "ಇದು ಏನಾಟ ಟೀಚರ್‌ಗಾರು? ನಮ್ಮೂರಲ್ಲಿ ನಾವು ಆಡು-ಹುಲಿ ಆಟ ಆಡ್ತೀವಿ. ನನಗೆ ಕಲಿಸ್ರಿ" ಎಂದಳು.

ನನಗೆ ಬರುವುದಿಲ್ಲ ಎಂದೆ. ಬರದವರು ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳಿದಳು. ಹಾಸು ಬಿಚ್ಚಿದೆ. ಕಲಿಸಿದೆ.

ಆಕೆ ಸೋಲುತ್ತಿದ್ದ ರೀತಿ ನಾನು ಎಲ್ಲೂ ಕಂಡಿರಲಿಲ್ಲ. ವಜೀರ ಹೋದರೆ, "ಅಯ್ಯೋ, ಹೋದ" ಎಂದು ನಗುವಳು. ಬಾದಶಹ ಸಿಕ್ಕಿಬಿದ್ದ ಕೂಡಲೇ ಕಾಯಿಗಳನ್ನು ಗುಡಿಸಿಕೊಂಡು, "ಇಂಕೊಕ್ಕಟಿ" ಎನ್ನುವಳು. ಇನ್ನೊಂದು ಎನ್ನುವುದಕ್ಕೆ ಆಕೆಯ ಮಾತು ಅದು. ಮೊದಮೊದಲು ನನಗೆ ಆಕೆಗೆ ನಾಚಿಕೆಯಿಲ್ಲ ಎನಿಸುತ್ತಿತ್ತು. ಆಮೇಲೆ, ಇಷ್ಟು ದಿನ ಬರೀ ನಾಚಿಕೆಯನ್ನೇ ಆಡುತ್ತಿದ್ದವಳು ನಾನು ಎನಿಸಿತು. ದಿನಕ್ಕೆ ಒಂದೇ ಆಟ ಎಂದು ನಾನು ಕಟ್ಟು ಮಾಡಿಕೊಂಡೆ. ನಡೆ ಹೊಳೆದ ಕೂಡಲೇ ಕೈ ಚಾಚದಂತೆ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟು ಕೂರುತ್ತಿದ್ದೆ. ಆಕೆ ಅದನ್ನು ಕಂಡು ನಗುತ್ತಿದ್ದಳು. ಮೆಲ್ಲಗೆ ಹಾಸು ಮತ್ತೆ ಬರೀ ಆಟದ ಹಾಸಿನಂತೆ ಕಾಣತೊಡಗಿತು.

ಮರುವರ್ಷದ ಸುಗ್ಗಿಯ ಹೊತ್ತಿಗೆ ಒಂದು ಸಂಜೆ ಆಕೆ ನನ್ನನ್ನು ಸೋಲಿಸಿದಳು. ನಾನು ಚೆನ್ನಾಗಿಯೇ ಆಡಿದ್ದೆ. ಆಕೆ ನನಗಿಂತ ಚೆನ್ನಾಗಿ ಆಡಿದ್ದಳು. ಕಿವಿ ಹಿಂದಿನಂತೆಯೇ ಬಿಸಿಯಾಯಿತು. ಎದ್ದು ಹೋಗಬೇಕೆನಿಸಿತು. ತಲೆ ನೋವು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಇಂಕೊಕ್ಕಟಿ?" ಎಂದಳು ಆಕೆ. ಅಷ್ಟರಲ್ಲಿ ಒಳಗೆ ಅನ್ನ ಉಕ್ಕುವ ಸದ್ದಾಗಿ ಎದ್ದು ಓಡಿದಳು.

ನಾನು ಅಲ್ಲೇ ಕೂತೆ. ಕಾಯಿಗಳನ್ನು ಹಿಂದಿಂದಕ್ಕೆ ಸರಿಸುತ್ತಾ ಎಲ್ಲಿ ತಪ್ಪಿದೆ ಎಂದು ನೋಡತೊಡಗಿದೆ. ಸಿಕ್ಕಿತು. ಅವಸರದಲ್ಲಿ ಒಂದು ಪ್ಯಾದೆಯನ್ನು ಮುಂದೆ ದೂಡಿದ್ದೆ, ಅಷ್ಟೇ. ಲಿಂಗಸುಗೂರಿನ ಆ ದಿನದ ನಂತರ ಸೋತ ಆಟವೊಂದನ್ನು ನಾನು ಕಣ್ಣು ತೆರೆದು ನೋಡಿದ್ದು ಅದೇ ಮೊದಲು.

ಆಮೇಲೂ ಸೋಲಿನ ಕಾಲಗಳು ಬಂದಿವೆ. ಕೆಲವೊಮ್ಮೆ ತಿಂಗಳುಗಟ್ಟಲೆ. ಪ್ರತಿ ಸಲವೂ ಮೊದಲು ನಾಚಿಕೆಯೇ ಬರುತ್ತದೆ, ಅದು ಹೋಗಿಲ್ಲ. ಅಂಥ ದಿನಗಳಲ್ಲಿ ಮಧ್ಯಾಹ್ನದ ತರಗತಿಗೆ ಹೋಗುವ ಮೊದಲು ಬಾಗಿಲ ಹೊರಗೆ ಸ್ವಲ್ಪ ನಿಂತು, ಕೊಡದ ನೀರು ಬಗ್ಗಿಸಿಕೊಂಡು ಕುಡಿದು, ಆಮೇಲೆ ಒಳಗೆ ಹೋಗುವುದನ್ನು ರೂಢಿ ಮಾಡಿಕೊಂಡೆ.